ಮನಸ್ಸಿನ ವೈದ್ಯರಿಗೂ ಬೇಕೆ ಸರಕಾರದ ಮುದ್ರೆ?

ನಮ್ಮ ಕಟ್ಟಡದ ಎದುರಿನ ಗಲ್ಲಿಯಲ್ಲಿ ಒಂದು ಬ್ಯೂಟಿ ಪಾರ್ಲರು, ಒಂದು ಕೋಚಿಂಗ್ ಕ್ಲಾಸು. ಇವೆರಡರ ನಡುವಿನ ಪುಟ್ಟ ಕೋಣೆಗೆ 2019ರಲ್ಲಿ ಹೊಸ ಬೋರ್ಡು ಬಂತು. ದೊಡ್ಡ ಅಕ್ಷರಗಳಲ್ಲಿ 'ಕೌನ್ಸೆಲಿಂಗ್ ಸೆಂಟರ್'. ಕೆಳಗೆ ಸಣ್ಣ ಅಕ್ಷರಗಳಲ್ಲಿ ಪರೀಕ್ಷೆಯ ಭಯ, ಖಿನ್ನತೆ, ದಾಂಪತ್ಯ ಸಮಸ್ಯೆ, ಜೀವನ ಮಾರ್ಗದರ್ಶನ, ಕೈಬರಹ ತಿದ್ದುಪಡಿ! ತರಕಾರಿ ತರಲು ಹೋಗುವಾಗ ಬರುವಾಗ ಅದನ್ನು ಓದಿ ನಾನು ನಗುತ್ತಿದ್ದೆ. ಆ ನಗು ಹೆಚ್ಚು ದಿನ ಉಳಿಯಲಿಲ್ಲ.

ನನ್ನ ಮೈದುನನ ಮಗಳು ಆಗ ನಮ್ಮ ಮನೆಯಲ್ಲೇ ಇದ್ದು ಕಾಲೇಜಿಗೆ ಹೋಗುತ್ತಿದ್ದಳು. ಅವಳ ತಂದೆತಾಯಿ ಇರುವುದು ಪುಣೆಯಲ್ಲಿ. ಹತ್ತೊಂಬತ್ತು ವರ್ಷ, ಓದಿನಲ್ಲಿ ಚುರುಕು, ಸಂಘದ ರಾಜ್ಯೋತ್ಸವದ ನಾಟಕದಲ್ಲಿ ಪ್ರತಿ ವರ್ಷ ಒಂದು ಪಾತ್ರ. ಅಂಥ ಹುಡುಗಿ ಒಂದು ಮಳೆಗಾಲದಲ್ಲಿ ಊಟ ಬಿಟ್ಟಳು, ನಿದ್ದೆ ಬಿಟ್ಟಳು, ಬೆಳಗಿನ ಲೋಕಲ್ ಟ್ರೇನು ಹಿಡಿಯುವುದನ್ನೂ ಬಿಟ್ಟಳು. ಕೇಳಿದರೆ "ಏನಿಲ್ಲ ದೊಡ್ಡಮ್ಮ" ಎಂಬ ಒಂದೇ ಉತ್ತರ. ದೃಷ್ಟಿ ತೆಗೆದೆ, ರಾಯರ ಮಠಕ್ಕೆ ಕರೆದುಕೊಂಡು ಹೋದೆ, ಬೈದೆ, ಮುದ್ದಿಸಿದೆ. ಕೊನೆಗೆ ಯಾವ ಬೋರ್ಡನ್ನು ನೋಡಿ ನಗುತ್ತಿದ್ದೆನೋ ಅದೇ ಬಾಗಿಲನ್ನು ನಾನೇ ತಟ್ಟಿದೆ. ಬ್ಲೌಸು ಹೊಲಿಸಲು ಟೈಲರನನ್ನು ಹುಡುಕುವಾಗ ಮೂರು ಜನರನ್ನು ವಿಚಾರಿಸುವ ನಾನು, ಮಗಳಂಥ ಹುಡುಗಿಯ ಮನಸ್ಸನ್ನು ಒಪ್ಪಿಸುವಾಗ ಯಾರನ್ನೂ ವಿಚಾರಿಸಲಿಲ್ಲ. ಮನೆಗೆ ಹತ್ತಿರವಿತ್ತು, ಅಷ್ಟೇ.

ಮೂರು ಸಲ ಹೋಗಿ ಬಂದಳು. ಮುಖದಲ್ಲಿ ಸ್ವಲ್ಪ ಕಳೆ ಬಂದಂತೆ ಕಂಡಿತು. ನಾಲ್ಕನೆಯ ವಾರ ಪುಣೆಯಿಂದ ಮೈದುನನ ಫೋನು. ಧ್ವನಿ ನಡುಗುತ್ತಿತ್ತು. ಹುಡುಗಿ ಆ ಕೋಣೆಯೊಳಗೆ ನಂಬಿ ಹೇಳಿಕೊಂಡಿದ್ದ ಮಾತನ್ನೆಲ್ಲ, ಒಬ್ಬ ಹುಡುಗನ ವಿಷಯವನ್ನೂ ಸೇರಿಸಿ, ಆ ಕೌನ್ಸೆಲರ್ ಬಾಯಿ ಅವಳ ತಂದೆಗೆ ಫೋನು ಮಾಡಿ ಒಪ್ಪಿಸಿಬಿಟ್ಟಿದ್ದರು. ಅಂದು ರಾತ್ರಿ ಹುಡುಗಿ ನನಗೆ ಹೇಳಿದ ಮಾತು ಇಂದಿಗೂ ಕಿವಿಯಲ್ಲಿದೆ: "ದೊಡ್ಡಮ್ಮ, ಇನ್ನು ಮೇಲೆ ನಾನು ಯಾರ ಹತ್ತಿರವೂ ಏನೂ ಹೇಳೋದಿಲ್ಲ."

ಮರುದಿನ ನಾನು, ನಮ್ಮ ಯಜಮಾನರು ಅಲ್ಲಿಗೆ ಹೋದೆವು. ಆಕೆ ಕೆಟ್ಟವರೇನಲ್ಲ. ಚಹಾ ತರಿಸಿದರು. "ತಂದೆಗೆ ಹೇಳಿದ್ದು ಅವಳ ಒಳ್ಳೆಯದಕ್ಕೇ ಅಲ್ಲವೇ?" ಎಂದು ನಿಜವಾಗಿ ಆಶ್ಚರ್ಯಪಟ್ಟು ಕೇಳಿದರು. ಗೋಡೆಯ ಮೇಲೆ ಚೌಕಟ್ಟು ಹಾಕಿದ ಒಂದು ಸರ್ಟಿಫಿಕೇಟು. ಆರು ಭಾನುವಾರಗಳ ಕೋರ್ಸು. ನಮ್ಮ ಯಜಮಾನರು "ನೀವು ಯಾವ ಕೌನ್ಸಿಲ್‌ನಲ್ಲಿ ರಿಜಿಸ್ಟರ್ ಆಗಿದ್ದೀರಿ?" ಎಂದು ಕೇಳಿದಾಗ ಆಕೆ ಮರುಪ್ರಶ್ನೆ ಹಾಕಿದರು: "ಯಾವ ಕೌನ್ಸಿಲ್?"

ಅದು ಉದ್ಧಟತನದ ಮಾತು ಎಂದು ಅಂದು ನನಗೆ ಸಿಟ್ಟು ಬಂದಿತ್ತು. ಆಮೇಲೆ ತಿಳಿಯಿತು, ಆಕೆ ಹೇಳಿದ್ದು ಸತ್ಯ. ಕೌನ್ಸೆಲರ್ ಎಂದು ಬೋರ್ಡು ಹಾಕಿಕೊಳ್ಳಲು ನಮ್ಮ ದೇಶದಲ್ಲಿ ಆಗ ಯಾವ ಕೌನ್ಸಿಲ್‌ನ ಅಪ್ಪಣೆಯೂ ಬೇಕಾಗಿರಲಿಲ್ಲ. ದೂರು ಕೊಡೋಣವೆಂದರೆ ಕೇಳುವ ಬಾಗಿಲೇ ಇರಲಿಲ್ಲ. ಹಣ ಕೊಟ್ಟು ಪಡೆದ ಸೇವೆಯಾದ್ದರಿಂದ ಗ್ರಾಹಕರ ನ್ಯಾಯಾಲಯಕ್ಕೆ ಹೋಗಬಹುದು ಎಂದು ಪರಿಚಯದ ವಕೀಲರೊಬ್ಬರು ಹೇಳಿದರು. ಆದರೆ ಗುಟ್ಟು ಬಯಲಾಯಿತೆಂದು ಅಳುತ್ತಿರುವ ಹುಡುಗಿಯ ಗುಟ್ಟನ್ನು ಇನ್ನೂ ಹತ್ತು ಜನರ ಮುಂದೆ ಬಿಚ್ಚಿಡುವುದು ಹೇಗೆ? ಸುಮ್ಮನಾದೆವು.

ಇದನ್ನೆಲ್ಲ ಅವಳ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. "ಹೆಸರು ಹಾಕಬೇಡಿ, ಉಳಿದದ್ದು ಬರೆಯಿರಿ. ನನ್ನ ವಯಸ್ಸಿನವರಿಗೆ ಗೊತ್ತಾಗಲಿ" ಎಂದಿದ್ದಾಳೆ. ಆದ್ದರಿಂದ, ಸಂಘದ ಯುವ ಮಿತ್ರರೇ, ಈ ಲೇಖನ ನಿಮಗಾಗಿ.

ನಾಲ್ಕು ಬೋರ್ಡುಗಳು, ನಾಲ್ಕು ಅರ್ಥಗಳು

ಹಳ್ಳಿಯಲ್ಲಿ ಅರೆಬರೆ ತಿಳಿದು ಮದ್ದು ಕೊಡುವವನನ್ನು ನಮ್ಮ ಹಿರಿಯರು ಅಳಲೆಕಾಯಿ ಪಂಡಿತ ಎಂದು ಕರೆಯುತ್ತಿದ್ದರು. ಅಂಥವನು ಕೊಟ್ಟ ಕಷಾಯ ಹೊಟ್ಟೆ ಕೆಡಿಸಿದರೆ ಎಲ್ಲರಿಗೂ ಗೊತ್ತಾಗುತ್ತದೆ. ಮನಸ್ಸು ಕೆಟ್ಟರೆ ಯಾರಿಗೂ ಗೊತ್ತಾಗುವುದಿಲ್ಲ. ಆದ್ದರಿಂದ ಬೋರ್ಡಿನ ಮೇಲಿನ ಹೆಸರುಗಳ ವ್ಯತ್ಯಾಸ ಮೊದಲು ತಿಳಿದಿರಬೇಕು.

ಮೊದಲನೆಯವರು ಸೈಕಿಯಾಟ್ರಿಸ್ಟ್, ಅಂದರೆ ಮನೋವೈದ್ಯರು. ಇವರು ಎಂಬಿಬಿಎಸ್ ಮುಗಿಸಿ ಆ ಮೇಲೆ ಮನೋವೈದ್ಯಶಾಸ್ತ್ರ ಓದಿದ ಡಾಕ್ಟರು. ಔಷಧಿ ಬರೆದುಕೊಡುವ ಅಧಿಕಾರವಿದೆ. ಇವರ ಹೆಸರು ವೈದ್ಯಕೀಯ ಪರಿಷತ್ತಿನ ಪಟ್ಟಿಯಲ್ಲಿರುತ್ತದೆ.

ಎರಡನೆಯವರು ಕ್ಲಿನಿಕಲ್ ಸೈಕಾಲಜಿಸ್ಟ್. ಇವರು ಎಂಬಿಬಿಎಸ್ ಡಾಕ್ಟರಲ್ಲ. ಮನಶ್ಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ, ಅದರ ಮೇಲೆ ಆಸ್ಪತ್ರೆಯಲ್ಲಿ ಹಿರಿಯರ ಕಣ್ಣೆದುರಿಗೆ ಎರಡು ವರ್ಷ ಪೂರ್ಣಾವಧಿ ತರಬೇತಿ, ಇದು ಬಹುಕಾಲದಿಂದ ನಡೆದುಬಂದ ದಾರಿ. ಪರೀಕ್ಷೆಗಳಿಂದ ಸಮಸ್ಯೆಯನ್ನು ಗುರುತಿಸುತ್ತಾರೆ, ಮಾತಿನ ಮೂಲಕ ಚಿಕಿತ್ಸೆ ಮಾಡುತ್ತಾರೆ.

ಮೂರನೆಯವರು ಬರೀ ಸೈಕಾಲಜಿಸ್ಟ್. ನಾಲ್ಕನೆಯವರು ಕೌನ್ಸೆಲರ್, ಥೆರಪಿಸ್ಟ್, ಕೋಚ್ ಮುಂತಾದವರು. ಈ ಕೊನೆಯ ಎರಡು ಗುಂಪುಗಳಲ್ಲಿ ಎರಡು ವರ್ಷ ಶ್ರದ್ಧೆಯಿಂದ ಎಂಎ ಓದಿ, ಹಿರಿಯರ ಕೈಕೆಳಗೆ ಪಳಗಿ ಬಂದ ಬಹಳ ಒಳ್ಳೆಯವರಿದ್ದಾರೆ. ಆರು ಭಾನುವಾರಗಳವರೂ ಇದ್ದಾರೆ. ಬೋರ್ಡಿನಲ್ಲಿ ಮಾತ್ರ ಇಬ್ಬರೂ ಒಂದೇ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಗಾದೆ ಇಲ್ಲಿಗೇ ಹೇಳಿ ಮಾಡಿಸಿದಂತಿದೆ.

ಕಾನೂನು ಏನು ಹೇಳುತ್ತದೆ?

ಕಾನೂನೇ ಇಲ್ಲವೆಂದಲ್ಲ. ತುಂಡು ತುಂಡಾಗಿ ಇದೆ.

ಮೊದಲನೆಯದು 1992ರ ಭಾರತೀಯ ಪುನರ್ವಸತಿ ಪರಿಷತ್ತಿನ ಕಾಯಿದೆ. ಹೆಸರೇ ಹೇಳುವಂತೆ ಇದು ಅಂಗವಿಕಲರ ಪುನರ್ವಸತಿಗಾಗಿ ದುಡಿಯುವವರಿಗೆ ಸಂಬಂಧಿಸಿದ್ದು. ಶ್ರವಣ ತಜ್ಞರು, ವಿಶೇಷ ಶಿಕ್ಷಕರು, ಹಿಯರಿಂಗ್ ಏಡ್ ತಂತ್ರಜ್ಞರು ಇವರ ಸಾಲಿನಲ್ಲೇ ಕ್ಲಿನಿಕಲ್ ಸೈಕಾಲಜಿಸ್ಟರ ಹೆಸರೂ ಇದೆ. ಇವರೆಲ್ಲರ ಹೆಸರಿರುವ ಕೇಂದ್ರ ಪುನರ್ವಸತಿ ರಿಜಿಸ್ಟರನ್ನು ಪರಿಷತ್ತು ಇಡುತ್ತದೆ. ಅದರಲ್ಲಿ ಹೆಸರಿಲ್ಲದೆ ಈ ವೃತ್ತಿ ನಡೆಸಿದರೆ ಒಂದು ವರ್ಷದವರೆಗೆ ಸೆರೆವಾಸ, ಇಲ್ಲವೇ 1000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಇಂದಿನ ಮುಂಬಯಿಯಲ್ಲಿ 1000 ರೂಪಾಯಿ ದಂಡಕ್ಕೆ ಹೆದರುವವರು ಯಾರು ಎಂಬುದು ಬೇರೆ ಮಾತು! ಆದರೆ ಒಂದು ಪಟ್ಟಿ ಇದೆ, ಅದಕ್ಕೊಂದು ನಂಬರಿದೆ, ದೂರು ಕೊಡಲು ಒಂದು ವಿಳಾಸವಿದೆ. ಇದೇ ದೊಡ್ಡ ವಿಷಯ.

ಎರಡನೆಯದು 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯಿದೆ. 2018ರ ಮೇ ತಿಂಗಳಿಂದ ಜಾರಿಯಲ್ಲಿದೆ. ಮಾನಸಿಕ ಅಸ್ವಸ್ಥತೆಯಿರುವವರ ಹಕ್ಕುಗಳನ್ನು ಇದು ಸ್ಪಷ್ಟವಾಗಿ ಬರೆದಿಟ್ಟಿತು. ಅವುಗಳಲ್ಲಿ ಒಂದು, ತನ್ನ ಕಾಯಿಲೆ ಮತ್ತು ಚಿಕಿತ್ಸೆಯ ವಿವರ ಗುಟ್ಟಾಗಿರಬೇಕೆಂಬ ಹಕ್ಕು. ಚಿಕಿತ್ಸೆ ಕೊಡುವವರು ಅದನ್ನು ಕಾಪಾಡಲೇಬೇಕು. ಜೀವಕ್ಕೆ ಅಪಾಯವಿರುವಂಥ ಕೆಲವು ಸಂದರ್ಭಗಳಿಗೆ ಮಾತ್ರ ವಿನಾಯಿತಿ. ಈ ಸಾಲನ್ನು ಓದಿದಾಗ ನಮ್ಮ ಹುಡುಗಿಯ ನೆನಪಾಗಿ ಹೊಟ್ಟೆಯಲ್ಲಿ ಸಂಕಟವಾಯಿತು. ಮನೋವೈದ್ಯರು, ಕ್ಲಿನಿಕಲ್ ಸೈಕಾಲಜಿಸ್ಟರು, ಮನೋವೈದ್ಯಕೀಯ ಸಮಾಜ ಕಾರ್ಯಕರ್ತರು, ತರಬೇತಿ ಪಡೆದ ನರ್ಸುಗಳು ಮುಂತಾದವರನ್ನು ಈ ಕಾಯಿದೆ ಮಾನಸಿಕ ಆರೋಗ್ಯ ವೃತ್ತಿಯವರು ಎಂದು ಗುರುತಿಸುತ್ತದೆ. ನಮ್ಮ ಗಲ್ಲಿಯ ಕೌನ್ಸೆಲರ್ ಆ ಪಟ್ಟಿಯ ಹೊರಗೆ.

ಮೂರನೆಯದೇ ಮುಖ್ಯವಾದದ್ದು, 2021ರ ರಾಷ್ಟ್ರೀಯ ಸಹಾಯಕ ಮತ್ತು ಆರೋಗ್ಯ ರಕ್ಷಣಾ ವೃತ್ತಿಗಳ ಆಯೋಗದ ಕಾಯಿದೆ. ಫಿಸಿಯೋಥೆರಪಿ, ಲ್ಯಾಬೊರೇಟರಿ, ಪಥ್ಯಾಹಾರ ಮೊದಲಾದ ಎಷ್ಟೋ ವೃತ್ತಿಗಳ ಜೊತೆಗೆ ಇದರ ಅನುಸೂಚಿಯಲ್ಲಿ ಮೊತ್ತಮೊದಲ ಬಾರಿಗೆ ಸೈಕಾಲಜಿಸ್ಟ್, ವರ್ತನ ಆರೋಗ್ಯ ಕೌನ್ಸೆಲರ್, ಮನೋವೈದ್ಯಕೀಯ ಸಮಾಜ ಕಾರ್ಯಕರ್ತ, ಮಾನಸಿಕ ಆರೋಗ್ಯ ಸಹಾಯಕ ಇವರ ಹೆಸರುಗಳು ಬಂದವು. ಕ್ಲಿನಿಕಲ್ ಸೈಕಾಲಜಿಸ್ಟರನ್ನು ಮಾತ್ರ ಪುನರ್ವಸತಿ ಪರಿಷತ್ತಿಗೇ ಬಿಟ್ಟರು. ಆರೋಗ್ಯ ರಕ್ಷಣಾ ವೃತ್ತಿಯವರು ಎನಿಸಿಕೊಳ್ಳಲು ಮೂರರಿಂದ ಆರು ವರ್ಷಗಳಲ್ಲಿ ಕನಿಷ್ಠ 3600 ಗಂಟೆಗಳ ಓದಿನ ಪದವಿ ಬೇಕು. ಸಹಾಯಕ ವೃತ್ತಿಯವರಿಗೆ ಎರಡರಿಂದ ನಾಲ್ಕು ವರ್ಷಗಳಲ್ಲಿ ಕನಿಷ್ಠ 2000 ಗಂಟೆ. ಆರು ಭಾನುವಾರಗಳಿಗೆ ಎಷ್ಟು ಗಂಟೆ ಎಂದು ನೀವೇ ಲೆಕ್ಕ ಹಾಕಿ.

ಆದರೆ ಕಾಯಿದೆ ಪಾಸಾದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಪ್ರತಿ ರಾಜ್ಯದಲ್ಲೂ ಪರಿಷತ್ತು ರಚನೆಯಾಗಬೇಕು, ರಿಜಿಸ್ಟರು ತೆರೆಯಬೇಕು. ಮೂರು ವರ್ಷ ಕಳೆದರೂ ಇದು ಕುಂಟುತ್ತಿದ್ದುದನ್ನು ಕಂಡು 2024ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟು ಕೇಂದ್ರಕ್ಕೂ ರಾಜ್ಯಗಳಿಗೂ ಎರಡು ತಿಂಗಳೊಳಗೆ ಜಾರಿಗೆ ತನ್ನಿ ಎಂದು ಹೇಳಬೇಕಾಯಿತು. ಕೆಲಸ ನಡೆದಿದೆ, ಆದರೆ ಎಲ್ಲ ರಾಜ್ಯಗಳಲ್ಲಿ ಒಂದೇ ಸಮನಾಗಿ ನಡೆದಿಲ್ಲ. 'ಜೀವನ ಮಾರ್ಗದರ್ಶನ'ದಂಥ ಬೋರ್ಡುಗಳು ಆ ಅನುಸೂಚಿಯಲ್ಲೂ ಇಲ್ಲ. ಅಂದರೆ ಹೆಸರು ಬದಲಾಯಿಸಿಕೊಂಡರೆ ನುಸುಳಲು ಕಿಂಡಿ ಇದ್ದೇ ಇದೆ.

ಇಂಗ್ಲೆಂಡು, ಅಮೆರಿಕಗಳಲ್ಲೂ ಇದೇ ತಕರಾರು

ಇದು ನಮ್ಮ ದೇಶದ ಅವ್ಯವಸ್ಥೆ ಮಾತ್ರ ಎಂದು ಮೂಗು ಮುರಿಯಬೇಡಿ. ಇಂಗ್ಲೆಂಡಿನಲ್ಲಿ ಕ್ಲಿನಿಕಲ್ ಸೈಕಾಲಜಿಸ್ಟ್, ಕೌನ್ಸೆಲಿಂಗ್ ಸೈಕಾಲಜಿಸ್ಟ್ ಎಂಬ ಹೆಸರುಗಳಿಗೆ 2009ರಿಂದ ಕಾನೂನಿನ ರಕ್ಷಣೆಯಿದೆ. ಆದರೆ ಕೌನ್ಸೆಲರ್, ಸೈಕೋಥೆರಪಿಸ್ಟ್ ಎಂಬ ಹೆಸರುಗಳಿಗೆ ಇಲ್ಲ. 2007ರಲ್ಲಿ ಅಲ್ಲಿನ ಸರಕಾರ ಅವರನ್ನೂ ಕಡ್ಡಾಯ ನೋಂದಣಿಗೆ ತರುವ ಯೋಜನೆ ಮುಂದಿಟ್ಟಾಗ ವಿರೋಧಿಸಿದವರಲ್ಲಿ ಚಿಕಿತ್ಸಕರೇ ಅನೇಕರು. ಇಬ್ಬರು ಮನುಷ್ಯರ ನಡುವಿನ ಮಾತುಕತೆಯನ್ನು ಸರಕಾರಿ ಫಾರ್ಮಿನ ಚೌಕಗಳಲ್ಲಿ ಅಳೆಯಲಾಗದು ಎಂಬುದು ಅವರ ವಾದ. 2011ರಲ್ಲಿ ಸರಕಾರ ಆ ಯೋಜನೆಯನ್ನು ಕೈಬಿಟ್ಟು, ವೃತ್ತಿ ಸಂಘಗಳೇ ಸ್ವಇಚ್ಛೆಯಿಂದ ಇಡುವ ಪಟ್ಟಿಗಳನ್ನು ಪರಿಶೀಲಿಸಿ ಒಪ್ಪುವ ಮಧ್ಯಮ ಮಾರ್ಗ ಹಿಡಿಯಿತು.

ಅಮೆರಿಕದಲ್ಲಿ ಆಯಾ ರಾಜ್ಯವೇ ಲೈಸೆನ್ಸು ಕೊಡುತ್ತದೆ. ಕೌನ್ಸೆಲರುಗಳಿಗೆ ಇದನ್ನು ಮೊದಲು ಆರಂಭಿಸಿದ್ದು ವರ್ಜೀನಿಯಾ, 1976ರಲ್ಲಿ. ಕೊನೆಗೆ ಬಂದದ್ದು ಕ್ಯಾಲಿಫೋರ್ನಿಯಾ, 2009ರಲ್ಲಿ. ಆ ದೇಶಕ್ಕೂ ಮೂವತ್ತಮೂರು ವರ್ಷ ಹಿಡಿಯಿತು!

ಅಜ್ಜಿಗೂ ಲೈಸೆನ್ಸು ಬೇಕೇ?

ಈ ವಿಷಯ ನಮ್ಮ ಮನೆಯಲ್ಲಿ ಚರ್ಚೆಗೆ ಬಂದಾಗಲೆಲ್ಲ ಯಜಮಾನರು ನನ್ನನ್ನು ಕೆಣಕುತ್ತಾರೆ. "ನಿಮ್ಮ ಅಜ್ಜಿ ಜಗುಲಿಯ ಮೇಲೆ ಕೂತು ಊರಿನ ಸೊಸೆಯಂದಿರ ಕಣ್ಣೀರು ಒರೆಸುತ್ತಿದ್ದರಲ್ಲ, ಅವರ ರಿಜಿಸ್ಟ್ರೇಶನ್ ನಂಬರು ಎಷ್ಟು?" ಎಂದು. ತಮಾಷೆಯ ಮಾತಾದರೂ ತಳ್ಳಿಹಾಕುವಂಥದ್ದಲ್ಲ.

ನಿಮ್ಹಾನ್ಸ್ ಸಂಸ್ಥೆ 2015-16ರಲ್ಲಿ ಹನ್ನೆರಡು ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ಶೇಕಡಾ 10ಕ್ಕಿಂತ ಹೆಚ್ಚು ಜನರಿಗೆ ಒಂದಲ್ಲ ಒಂದು ಮಾನಸಿಕ ತೊಂದರೆ ಇತ್ತು. ಬೇರೆ ಬೇರೆ ಕಾಯಿಲೆಗಳನ್ನು ನೋಡಿದರೆ ಶೇಕಡಾ 70ರಿಂದ 92ರಷ್ಟು ಮಂದಿಗೆ ಚಿಕಿತ್ಸೆ ಸಿಕ್ಕಿರಲಿಲ್ಲ. ಇಷ್ಟು ಜನರಿಗೆ ನೋಂದಾಯಿತ ತಜ್ಞರನ್ನೇ ಎಲ್ಲಿಂದ ತರುವುದು? ಪಟ್ಟಿಯಲ್ಲಿಲ್ಲದವರು ಬಾಯಿ ಬಿಡಬಾರದು ಎಂದು ಸರಕಾರ ನಾಳೆಯೇ ಹುಕುಂ ಹೊರಡಿಸಿದರೆ ಕೇಳುವ ಕಿವಿಗಳೇ ಇಲ್ಲವಾಗುತ್ತವೆ. ಇರುವ ತಜ್ಞರ ಫೀಸು ಗಗನಕ್ಕೇರುತ್ತದೆ.

ನಮ್ಮ ನೆರೆಯ ಗೋವಾದಲ್ಲಿ ಮನೋವೈದ್ಯ ಡಾ. ವಿಕ್ರಮ್ ಪಟೇಲ್ ಮತ್ತು ಸಂಗಾತ್ ಸಂಸ್ಥೆಯವರು ಒಂದು ಪ್ರಯೋಗ ಮಾಡಿದರು. ಮನಶ್ಶಾಸ್ತ್ರ ಓದದ ಸ್ಥಳೀಯರನ್ನೇ ಆರಿಸಿ, ತರಬೇತಿ ಕೊಟ್ಟು, ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ತೀವ್ರ ಖಿನ್ನತೆಯವರಿಗೆ ಆರರಿಂದ ಎಂಟು ಬಾರಿ ಕೂತು ಮಾತಾಡುವ ಸರಳ ಚಿಕಿತ್ಸೆ ಕೊಡಿಸಿದರು. ಅದನ್ನು ಪಡೆದವರು ಪಡೆಯದವರಿಗಿಂತ ಚೆನ್ನಾಗಿ ಗುಣ ಹೊಂದಿದರು. ಈ ಫಲಿತಾಂಶ 2017ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು.

ಹಾಗಾದರೆ ನಮ್ಮ ಗಲ್ಲಿಯ ಕೌನ್ಸೆಲರಿಗೂ ಗೋವಾದ ಆ ಕಾರ್ಯಕರ್ತರಿಗೂ ವ್ಯತ್ಯಾಸವೇನು? ಡಿಗ್ರಿ ಇಬ್ಬರಿಗೂ ಇರಲಿಲ್ಲ. ಆದರೆ ಗೋವಾದವರು ಏನು ಮಾಡಬೇಕು, ಏನು ಮಾಡಬಾರದು ಎಂಬುದಕ್ಕೆ ಗೆರೆ ಎಳೆದಿತ್ತು. ಅವರ ಕೆಲಸವನ್ನು ಮೇಲಿನಿಂದ ಪರಿಶೀಲಿಸುವವರಿದ್ದರು. ಕೈಮೀರಿದ ರೋಗಿಯನ್ನು ಕಳಿಸಲು ಡಾಕ್ಟರಿದ್ದರು. ನಮ್ಮ ಗಲ್ಲಿಯಾಕೆಗೆ ಇದ್ಯಾವುದೂ ಇರಲಿಲ್ಲ. ಆಕೆ ಒಂಟಿ, ಆಕೆಯ ಬಾಗಿಲಿಗೆ ಬಂದವರೂ ಒಂಟಿ.

ನನ್ನ ಅಜ್ಜಿ ಕಣ್ಣೀರು ಒರೆಸಿದರು, ನಿಜ. ಆದರೆ ಫೀಸು ತೆಗೆದುಕೊಳ್ಳಲಿಲ್ಲ, 'ಖಿನ್ನತೆ ಗುಣಪಡಿಸಲಾಗುವುದು' ಎಂದು ಬೋರ್ಡು ಹಾಕಲಿಲ್ಲ. ಕೇಳುವ ಕಿವಿಗೆ ಲೈಸೆನ್ಸು ಬೇಡ. ಗುಣಪಡಿಸುತ್ತೇನೆಂದು ಹೇಳಿ ಹಣ ಪಡೆಯುವ ಬೋರ್ಡಿಗೆ ಬೇಕು. ಸರಕಾರ ಕಾಯಬೇಕಾದ್ದು ಈ ಗೆರೆಯನ್ನೇ ಎಂದು ನನ್ನ ಅಭಿಪ್ರಾಯ.

ಹೆಸರಿನಲ್ಲೇ ಇದೆ ಆಪ್ತತೆ

ಬಿಎಯಲ್ಲಿ ಇಂಗ್ಲಿಷ್ ಓದಿದವಳಾದ್ದರಿಂದ ಪದಗಳ ಬೆನ್ನು ಹತ್ತುವುದು ನನ್ನ ಹಳೆಯ ಚಟ. ಕೌನ್ಸೆಲಿಂಗ್ ಎಂಬ ಇಂಗ್ಲಿಷ್ ಪದದಲ್ಲಿ ಇರುವುದು ಸಲಹೆ ಮಾತ್ರ. ಕನ್ನಡದಲ್ಲಿ ಅದನ್ನು 'ಆಪ್ತ ಸಮಾಲೋಚನೆ' ಎನ್ನುತ್ತೇವೆ. ಆಪ್ತ ಎಂದರೆ ನಂಬಿಕೆಗೆ ಅರ್ಹನಾದವನು. ಕಾನೂನಿನ ಪುಟಗಳು ಹೇಳಲು ಹೆಣಗುವುದನ್ನು ನಮ್ಮ ಭಾಷೆ ಒಂದೇ ಪದದಲ್ಲಿ ಹೇಳಿಬಿಟ್ಟಿದೆ.

ಈ ಕ್ಷೇತ್ರದಲ್ಲಿ ಕನ್ನಡನಾಡಿನ ಪಾಲೂ ಸಣ್ಣದಲ್ಲ. 1954ರಲ್ಲಿ ಬೆಂಗಳೂರಿನಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಆರಂಭವಾಯಿತು. ಕ್ಲಿನಿಕಲ್ ಸೈಕಾಲಜಿಸ್ಟರ ವ್ಯವಸ್ಥಿತ ತರಬೇತಿ ನಮ್ಮ ದೇಶದಲ್ಲಿ ಬೇರೂರಿದ್ದು ಅಲ್ಲಿಂದಲೇ. 1974ರಲ್ಲಿ ಅದೂ ಅಲ್ಲಿನ ಹಳೆಯ ಮಾನಸಿಕ ಆಸ್ಪತ್ರೆಯೂ ಒಂದಾಗಿ ನಿಮ್ಹಾನ್ಸ್ ಆಯಿತು. ಡಾ. ಸಿ. ಆರ್. ಚಂದ್ರಶೇಖರ್ ಅವರಂಥ ಮನೋವೈದ್ಯರು ಸಾಮಾನ್ಯ ಓದುಗರಿಗಾಗಿ ಕನ್ನಡದಲ್ಲೇ ಪುಸ್ತಕಗಳನ್ನು ಬರೆದರು. ನಿಮ್ಮ ಮನೆಯ ಕಪಾಟಿನಲ್ಲೂ ಒಂದಿರಬಹುದು, ಅಮ್ಮನನ್ನು ಕೇಳಿ ನೋಡಿ.

2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ದೂರವಾಣಿ ಸೇವೆಗೂ ನಿಮ್ಹಾನ್ಸ್ ಮುಖ್ಯ ಕೇಂದ್ರ. ನಂಬರು 14416. ಹಗಲು ರಾತ್ರಿ, ಉಚಿತ, ಕನ್ನಡವೂ ಸೇರಿ ಅನೇಕ ಭಾಷೆಗಳಲ್ಲಿ. ನೀವು ಕಾಲೇಜಿನಲ್ಲಿ ಇಂಗ್ಲಿಷು, ರಸ್ತೆಯಲ್ಲಿ ಹಿಂದಿ ಮರಾಠಿ ಮಾತಾಡುವವರು. ಆದರೆ ಅಳು ಬಂದಾಗ ಯಾವ ಭಾಷೆ ಬರುತ್ತದೆ ಎಂದು ಒಮ್ಮೆ ಗಮನಿಸಿ.

ಬಾಗಿಲು ತಟ್ಟುವ ಮುನ್ನ

ಸರಕಾರದ ರಿಜಿಸ್ಟರು ಪೂರ್ತಿಯಾಗುವವರೆಗೆ ಕಾಯುತ್ತ ಕೂರಲು ದುಃಖಕ್ಕೆ ವ್ಯವಧಾನವಿಲ್ಲ. ಅಲ್ಲಿಯವರೆಗೆ ನೀವೇ ಕೇಳಬೇಕಾದ ಪ್ರಶ್ನೆಗಳಿವೆ. ಸಂಕೋಚ ಬೇಡ. ಒಳ್ಳೆಯ ಕೌನ್ಸೆಲರ್ ಯಾರೂ ಈ ಪ್ರಶ್ನೆಗಳಿಗೆ ಸಿಡುಕುವುದಿಲ್ಲ, ಸಿಡುಕಿದರೆ ಅದೇ ನಿಮಗೆ ಉತ್ತರ.

ಏನು ಓದಿದ್ದೀರಿ, ಎಷ್ಟು ವರ್ಷ, ಎಲ್ಲಿ? ಎದುರು ಕೂತು ಕಲಿತಿರೋ, ವಾರಾಂತ್ಯದ ಕೋರ್ಸೋ?

ಯಾವುದಾದರೂ ಪರಿಷತ್ತಿನಲ್ಲಿ ನೋಂದಣಿ ಇದೆಯೇ? ಕ್ಲಿನಿಕಲ್ ಸೈಕಾಲಜಿಸ್ಟ್ ಎಂದು ಹೇಳಿಕೊಂಡರೆ ಪುನರ್ವಸತಿ ಪರಿಷತ್ತಿನ ನಂಬರು ಇರಲೇಬೇಕು. ಪರಿಷತ್ತಿನ ವೆಬ್‌ಸೈಟಿನಲ್ಲಿ ಅದನ್ನು ನೀವೇ ಪರೀಕ್ಷಿಸಬಹುದು.

ನಿಮ್ಮ ಕೆಲಸವನ್ನು ನೋಡಿ ತಿದ್ದುವ ಹಿರಿಯರು ಇದ್ದಾರೆಯೇ? ನಿಮ್ಮಿಂದಾಗದಿದ್ದರೆ ಯಾವ ಮನೋವೈದ್ಯರಿಗೆ ಕಳಿಸುತ್ತೀರಿ?

ನಾನು ಹೇಳಿದ್ದನ್ನು ಯಾರಿಗೆ ಹೇಳುತ್ತೀರಿ? ಯಾವ ಸಂದರ್ಭದಲ್ಲಿ? ಈ ಪ್ರಶ್ನೆಯನ್ನು ಮೊದಲ ದಿನವೇ ಕೇಳಿ. "ಜೀವಕ್ಕೆ ಅಪಾಯ ಕಂಡರೆ ಮಾತ್ರ, ಅದೂ ನಿನಗೆ ತಿಳಿಸಿ" ಎಂಬಂಥ ಉತ್ತರ ಬರಬೇಕು. "ತಂದೆತಾಯಿಯ ಹತ್ತಿರ ಮುಚ್ಚಿಡುವುದೇನಿದೆ?" ಎಂದರೆ ಎದ್ದು ಬನ್ನಿ.

ಕೊನೆಯದಾಗಿ, ರಸೀತಿ ಕೇಳಿ. ನಾವು ಕೇಳಿರಲಿಲ್ಲ.

ಈ ವೃತ್ತಿಗೇ ಸೇರಬೇಕೆಂದಿರುವ ಹುಡುಗ ಹುಡುಗಿಯರಿಗೂ ಒಂದು ಮಾತು. ಮನಶ್ಶಾಸ್ತ್ರವನ್ನು ಅಂಚೆ ಮೂಲಕ, ಆನ್‌ಲೈನ್ ಮೂಲಕ ಓದಿದರಾಯಿತು ಎಂಬ ಕಾಲ ಮುಗಿಯಿತು. 2021ರ ಕಾಯಿದೆಯ ವ್ಯಾಪ್ತಿಗೆ ಬರುವ ವಿಷಯಗಳನ್ನು, ಮನಶ್ಶಾಸ್ತ್ರವನ್ನೂ ಸೇರಿಸಿ, ದೂರಶಿಕ್ಷಣ ಮತ್ತು ಆನ್‌ಲೈನ್ ಮೂಲಕ ಕಲಿಸುವುದನ್ನು 2025ರ ಜುಲೈ-ಆಗಸ್ಟ್ ಅವಧಿಯಿಂದ ನಿಲ್ಲಿಸಬೇಕೆಂದು ಯುಜಿಸಿ ಹೇಳಿದೆ. ಹಣ ಕಟ್ಟುವ ಮೊದಲು ಕೋರ್ಸಿಗೆ ಮಾನ್ಯತೆ ಇದೆಯೇ ಎಂದು ವಿಚಾರಿಸಿಕೊಳ್ಳಿ.

ನಮ್ಮ ಹುಡುಗಿ ತಾನು ಹೇಳಿದಂತೆಯೇ ಎಂಟು ತಿಂಗಳು ಬಾಯಿ ಬಿಡಲಿಲ್ಲ. ಆ ಎಂಟು ತಿಂಗಳು ನಾನು ರಾತ್ರಿ ಎರಡೆರಡು ಸಲ ಎದ್ದು ಅವಳ ಕೋಣೆಯ ಬಾಗಿಲ ಬಳಿ ನಿಂತು ಉಸಿರಾಟ ಕೇಳಿಸಿಕೊಂಡು ಬರುತ್ತಿದ್ದೆ. ಕೊನೆಗೆ ಅವಳ ಕಾಲೇಜಿನ ಪ್ರಾಧ್ಯಾಪಕಿಯೊಬ್ಬರು ಸರಕಾರಿ ಆಸ್ಪತ್ರೆಯ ಮನೋವೈದ್ಯ ವಿಭಾಗಕ್ಕೆ ಚೀಟಿ ಬರೆದುಕೊಟ್ಟರು. ಅಲ್ಲಿ ಉದ್ದದ ಕ್ಯೂ, ಗೋಡೆಯ ಬಣ್ಣ ಕಿತ್ತುಹೋಗಿತ್ತು, ಏಸಿ ಇರಲಿಲ್ಲ. ಆದರೆ ಒಳಗೆ ಕೂತಿದ್ದ ಕ್ಲಿನಿಕಲ್ ಸೈಕಾಲಜಿಸ್ಟ್ ಮೊದಲು ನನ್ನನ್ನು ನೋಡಿ, "ಅಮ್ಮಾ, ನೀವು ಸ್ವಲ್ಪ ಹೊರಗೆ ಕೂತಿರುತ್ತೀರಾ?" ಎಂದು ಮೃದುವಾಗಿ ಹಿಂದಿಯಲ್ಲಿ ಕೇಳಿದರು. ನನ್ನ ಹಿಂದೆ ಬಾಗಿಲು ಮುಚ್ಚಿದರು.

ಆ ಬೆಂಚಿನ ಮೇಲೆ ಆಮೇಲೆ ತಿಂಗಳುಗಟ್ಟಲೆ ಪ್ರತಿ ವಾರ ಕೂತಿದ್ದೇನೆ. ಒಳಗೆ ಅವಳು ಏನು ಹೇಳಿದಳೆಂದು ನನಗೆ ಇಂದಿಗೂ ಗೊತ್ತಿಲ್ಲ. ಈಗ ಅವಳು ಪುಣೆಯಲ್ಲಿ ಕೆಲಸದಲ್ಲಿದ್ದಾಳೆ, ಚೆನ್ನಾಗಿದ್ದಾಳೆ, ಪ್ರತಿ ಭಾನುವಾರ ಫೋನು ಮಾಡುತ್ತಾಳೆ. ಅಷ್ಟು ಗೊತ್ತಿದ್ದರೆ ನನಗೆ ಸಾಕು.